‘ವೆಸ್ಟರ್ನ್ ಫೀಲ್ಡ್’ ಪಂಪ್ ಕೋವಿಯನ್ನು ಮಾಡಿದ್ದು ಯಾರು?

ಪ್ರಶ್ನೆ: ವಿರಾಜಪೇಟೆ ಹತ್ತಿರದ ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ತಾತನ ಕಾಲದ ಒಂದು 12 ಬೋರ್ ಕೋವಿ ಇದೆ. ಒಂಟಿ ನಳಿಗೆ, ಅದರ ಕೆಳಗೆ ಇನ್ನೊಂದು ಕೊಳವೆ. ಮುಂದಿನ ಮರದ ಹಿಡಿಯನ್ನು ಹಿಂದಕ್ಕೆ ಎಳೆದರೆ ಬಲಗಡೆಯ ಕಿಂಡಿ ತೆರೆಯುತ್ತದೆ. ಹೊರಗೆ ಹ್ಯಾಮರ್, ಅಂದರೆ ತೋಟೆ ಹಾರಿಸಲು ಬಡಿಯುವ ಸುತ್ತಿಗೆ, ಇಲ್ಲ. ಕಬ್ಬಿಣದ ಮೈ ಮೇಲೆ ಎರಡು ದಿಬ್ಬ ಇದ್ದ ಹಾಗೆ ಕಾಣುತ್ತದೆ. ನಳಿಗೆ ಮೇಲೆ ‘ವೆಸ್ಟರ್ನ್ ಫೀಲ್ಡ್’ ಅಂತ ಓದಬಹುದು, ಉಳಿದ ಅಕ್ಷರ ತುಕ್ಕಿನಲ್ಲಿ ಮುಚ್ಚಿಹೋಗಿದೆ. ನಂಬರ್ ಎಲ್ಲೂ ಸಿಗುತ್ತಿಲ್ಲ. ಮನೆಯಲ್ಲಿ ಎಲ್ಲರೂ ಇದನ್ನು ವಿಂಚೆಸ್ಟರ್ ಅಂತಲೇ ಕರೆಯುತ್ತಾರೆ. ಮಾಡಿದ ಕಂಪನಿ ಯಾವುದು? ಯಾವ ಕಾಲದ್ದು? ಈ ಪುತ್ತರಿ ಸುಗ್ಗಿ ಹಬ್ಬಕ್ಕೆ ಇದರಿಂದಲೇ ಗುಂಡು ಹಾರಿಸಬೇಕು ಅಂತ ಆಸೆ. ಹಾರಿಸಬಹುದಾ?

ಉತ್ತರ: ನೀವು ಬರೆದ ಗುರುತುಗಳನ್ನು ನೋಡಿದರೆ ಇದು ವಿಂಚೆಸ್ಟರ್ ಅಲ್ಲ. ಬಹುಪಾಲು ಇದು ಅಮೆರಿಕದ ಸ್ಟೀವನ್ಸ್ ಕಂಪನಿಯ 520 ಮಾದರಿ. ಮ್ಯಾಸಚೂಸೆಟ್ಸ್ ರಾಜ್ಯದ ಚಿಕೋಪೀ ಫಾಲ್ಸ್ ಅನ್ನೋ ಊರಿನಲ್ಲಿ ತಯಾರಾದದ್ದು. ವಿನ್ಯಾಸ ಅಲ್ಲಿನ ಹೆಸರಾಂತ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ ಅವರದ್ದು. ‘ವೆಸ್ಟರ್ನ್ ಫೀಲ್ಡ್’ ಅನ್ನೋದು ಮಾಡಿದವರ ಹೆಸರಲ್ಲ, ಮಾರಿದವರ ಹೆಸರು. ಪುತ್ತರಿಯ ವಿಷಯಕ್ಕೆ ಮುಂದೆ ಬರುತ್ತೇನೆ. ಈಗ ಇಷ್ಟು ತಿಳಿದಿರಲಿ: ಪರೀಕ್ಷೆ ಆಗುವ ತನಕ ಈ ಕೋವಿಗೆ ತೋಟೆ ತುಂಬಬೇಡಿ.

ಮೊದಲು ಕೋವಿ ಖಾಲಿ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಜೋಡಿನಳಿಗೆ ಕೋವಿ ಆದರೆ ನಡುವೆ ಮಡಚಿ ತೆರೆದು ನೋಡಿದ ಕೂಡಲೇ ಗೊತ್ತಾಗುತ್ತದೆ. ಪಂಪ್ ಕೋವಿ, ಅಂದರೆ ಮುಂದಿನ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತೋಟೆ ಏರಿಸುವ ನಿಮ್ಮಂಥ ಕೋವಿ, ಹಾಗಲ್ಲ. ನಳಿಗೆಯ ಹಿಂಭಾಗ ಖಾಲಿ ಕಂಡರೂ ಕೆಳಗಿನ ಕೊಳವೆಯಲ್ಲಿ ತೋಟೆಗಳು ಸಾಲಾಗಿ ಕೂತಿರಬಹುದು. ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ ಹಿಡಿಯಿರಿ. ಬೆರಳು ಟ್ರಿಗರ್‌ನಿಂದ ದೂರ ಇರಲಿ. ಮುಂದಿನ ಹಿಡಿ ಬಿಗಿಯಾಗಿ ಕೂತಿದ್ದರೆ ಕೋವಿ ಕಾಕ್ ಆಗಿದೆ, ಅಂದರೆ ಹಾರಲು ಸಿದ್ಧವಾಗಿದೆ ಅಂತಲೇ ತಿಳಿಯಿರಿ. ಅದನ್ನು ಬಿಡಿಸಲು ಟ್ರಿಗರ್ ಒತ್ತಲೇಬೇಡಿ. ಟ್ರಿಗರ್ ಗಾರ್ಡಿನ ಹತ್ತಿರ ಅಥವಾ ರಿಸೀವರಿನ (ಯಂತ್ರ ಕೂತಿರುವ ಕಬ್ಬಿಣದ ಮೈ) ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ಹಿಡಿ ಹಿಂದಕ್ಕೆ ಬರುತ್ತದೆ. ಆಮೇಲೆ ಟಾರ್ಚ್ ಬಿಟ್ಟು ನಳಿಗೆಯ ಹಿಂಭಾಗವನ್ನೂ ಕೊಳವೆಯ ಬಾಯನ್ನೂ ನೋಡಿ, ಬೆರಳು ಹಾಕಿಯೂ ನೋಡಿ. ಕೊಳವೆಯ ಬಾಯಲ್ಲಿ ಸ್ಪ್ರಿಂಗ್ ತಳ್ಳುವ ಬಿಲ್ಲೆ ಸಿಗಬೇಕು, ತೋಟೆಯ ಹಿತ್ತಾಳೆ ಅಲ್ಲ. ನಮ್ಮ ಮಳೆಗಾಲದ ತೇವಕ್ಕೆ ಹಳೆಯ ಕಾಗದದ ತೋಟೆಗಳು ಉಬ್ಬಿ ಕೊಳವೆಯೊಳಗೆ ಕಚ್ಚಿಕೊಳ್ಳುವುದುಂಟು. ಹಾಗಿದ್ದರೆ ಕಡ್ಡಿ ಹಾಕಿ ತಿವಿಯಬೇಡಿ. ಅದು ಲೈಸೆನ್ಸ್ ಇರುವ ಕೋವಿ ಮೇಸ್ತ್ರಿಯ ಕೆಲಸ.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಪಂಪ್ ಕೋವಿಗಳು ಹಲವಕ್ಕೆ, ವಿಂಚೆಸ್ಟರ್ 97, ವಿಂಚೆಸ್ಟರ್ 12, ಇಥಾಕಾ 37 ಇಂಥವಕ್ಕೆ, ಇವತ್ತಿನ ಕೋವಿಗಳಲ್ಲಿರುವ ಟ್ರಿಗರ್ ತಡೆ ಇಲ್ಲ. ಟ್ರಿಗರ್ ಒತ್ತಿಹಿಡಿದೇ ಪಂಪ್ ಮಾಡಿದರೆ ಹಿಡಿ ಮುಂದಕ್ಕೆ ಹೋಗಿ ಮುಚ್ಚಿಕೊಂಡ ಕ್ಷಣವೇ ಗುಂಡು ಹಾರುತ್ತದೆ. ನಿಮ್ಮ ಕೋವಿಯೂ ಅದೇ ಕಾಲದ್ದು, ಹಾಗಾಗಿ ಅದೂ ಹೀಗೇ ಅಂತ ಅಂದುಕೊಂಡೇ ನಡೆದುಕೊಳ್ಳಿ. 520ರ ಮೊದಲ ಮಾದರಿಗಳಲ್ಲಿ ಸೇಫ್ಟಿ ಪಟ್ಟಿ, ಅಂದರೆ ಗುಂಡು ತಾನಾಗಿ ಹಾರದಂತೆ ತಡೆಯುವ ಕೀಲು, ಟ್ರಿಗರ್ ಗಾರ್ಡಿನ ಒಳಗೆ, ಟ್ರಿಗರಿಗೆ ಮುಂದೆ ಇರುತ್ತದೆ. ಅಂದರೆ ಸೇಫ್ಟಿ ಸರಿಸಲು ಬೆರಳನ್ನು ಟ್ರಿಗರ್ ಪಕ್ಕಕ್ಕೇ ಒಯ್ಯಬೇಕು. ಇದು ಒಳ್ಳೆಯ ಏರ್ಪಾಡಲ್ಲ. ಮುಂದಿನ ಮಾದರಿಗಳಲ್ಲಿ ಅದನ್ನು ಟ್ರಿಗರ್ ಹಿಂದಕ್ಕೆ ಕೊಂಡೊಯ್ದರು. ನಿಮ್ಮದರಲ್ಲಿ ಎಲ್ಲಿದೆ ಅಂತ ನೋಡಿ. ಕಾಲ ಗೊತ್ತುಮಾಡಲು ಅದೂ ಒಂದು ಸುಳಿವು.

ಈಗ ಹೆಸರಿನ ವಿಷಯ. ಕೊಡಗಿನಲ್ಲಿ ನನ್ನ ಹತ್ತಿರ ಬರುವ ಹಳೆಯ ಕೋವಿಗಳಲ್ಲಿ ಜಾಸ್ತಿ ಗೊಂದಲ ಆಗುವುದು ಇಲ್ಲೇ. ನಳಿಗೆ ಮೇಲೆ ಒಂದು ಹೆಸರು ಕಂಡ ಕೂಡಲೇ ಅದೇ ಕಂಪನಿ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಕೋವಿ ಮೇಲೆ ಮೂರು ಬೇರೆ ಬೇರೆ ಜನರ ಹೆಸರು ಇರಬಹುದು. ಮಾಡಿದವರದ್ದು, ಮಾರಿದವರದ್ದು, ಪೇಟೆಂಟ್ ಪಡೆದವರದ್ದು. ಮೂರೂ ಒಂದೇ ಆಗಿರಬೇಕಾಗಿಲ್ಲ. ಎಷ್ಟೋ ಸಲ ಮಾಡಿದವರ ಹೆಸರು ಇರುವುದೇ ಇಲ್ಲ.

ವೆಸ್ಟರ್ನ್ ಫೀಲ್ಡ್ ಅನ್ನೋದು ಷಿಕಾಗೊದ ಮಾಂಟ್ಗೊಮರಿ ವಾರ್ಡ್ ಅನ್ನೋ ವ್ಯಾಪಾರ ಸಂಸ್ಥೆಯ ಬ್ರಾಂಡ್. 1872ರಲ್ಲಿ ಶುರುವಾದ ಸಂಸ್ಥೆ. ದಪ್ಪ ಕ್ಯಾಟಲಾಗ್ ಹೊರಡಿಸಿ, ಅಂಚೆಯಲ್ಲಿ ಆರ್ಡರ್ ತೆಗೆದುಕೊಂಡು, ಬಟ್ಟೆಯಿಂದ ಹಿಡಿದು ಹೊಲಿಗೆ ಯಂತ್ರದ ತನಕ ಎಲ್ಲ ಮಾರುತ್ತಿತ್ತು. ಅವರಿಗೆ ಸ್ವಂತ ಕೋವಿ ಕಾರ್ಖಾನೆ ಇರಲಿಲ್ಲ. ದೊಡ್ಡ ಕಾರ್ಖಾನೆಗಳಿಂದ ಕೋವಿ ಮಾಡಿಸಿ, ತಮ್ಮ ಹೆಸರು ಹೊಡೆಸಿ, ಅಸಲಿ ಬ್ರಾಂಡಿಗಿಂತ ಕಡಿಮೆ ಬೆಲೆಗೆ ಮಾರುತ್ತಿದ್ದರು. ಅದೇ ಊರಿನ ಸಿಯರ್ಸ್ ರೋಬಕ್ ಕೂಡ ಇದನ್ನೇ ಮಾಡುತ್ತಿತ್ತು. ಸ್ಟೀವನ್ಸ್ 520 ಮಾಂಟ್ಗೊಮರಿ ವಾರ್ಡ್‌ನಲ್ಲಿ ‘ವೆಸ್ಟರ್ನ್ ಫೀಲ್ಡ್ ಮಾಡೆಲ್ 30’ ಆಯಿತು. ಸಿಯರ್ಸ್‌ನಲ್ಲಿ ‘ರೇಂಜರ್’ ಆಯಿತು. ಕಬ್ಬಿಣ ಅದೇ, ಒಳಗಿನ ಭಾಗಗಳೂ ಅವೇ. ಆದ್ದರಿಂದ ನಿಮ್ಮ ಕೋವಿಗೆ ಬಿಡಿ ಭಾಗ ಬೇಕಾದರೆ ವೆಸ್ಟರ್ನ್ ಫೀಲ್ಡ್ ಅಂತ ಹುಡುಕಿದರೆ ಸಿಗುವುದು ಕಷ್ಟ, ಸ್ಟೀವನ್ಸ್ 520 ಅಂತ ಹುಡುಕಿ.

ಹಾಗಂತ ವೆಸ್ಟರ್ನ್ ಫೀಲ್ಡ್ ಅಂದರೆಲ್ಲ ಸ್ಟೀವನ್ಸ್ ಅಂತಲೂ ತಿಳಿಯಬೇಡಿ. ಒಂದೇ ಬ್ರಾಂಡಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಾರ್ಖಾನೆಗಳು ಮಾಡಿಕೊಟ್ಟಿವೆ. ‘ವೆಸ್ಟರ್ನ್ ಫೀಲ್ಡ್ ಎಂ 550’ ಅಂತ ಇದ್ದರೆ ಅದು 1960ರ ಆಸುಪಾಸಿನಲ್ಲಿ ಬಂದ ಮಾಸ್‌ಬರ್ಗ್ 500. ಅದನ್ನು ಗುರುತಿಸುವುದು ಸುಲಭ. ಸೇಫ್ಟಿ ಮೇಲ್ಗಡೆ, ಹೆಬ್ಬೆರಳಿಗೆ ಸಿಗುವ ಜಾಗದಲ್ಲಿ ಇರುತ್ತದೆ. ರಿಸೀವರ್ ಅಲ್ಯೂಮಿನಿಯಂ, ಅಯಸ್ಕಾಂತ ಹಿಡಿದರೆ ಅಂಟುವುದಿಲ್ಲ. ನಿಮ್ಮದಕ್ಕೂ ಒಂದು ಅಯಸ್ಕಾಂತ ಹಿಡಿದು ನೋಡಿ, ಅಂಟಲೇಬೇಕು. ಸಿಯರ್ಸ್‌ನವರ ಮುಂದಿನ ಬ್ರಾಂಡ್ ‘ಜೆ. ಸಿ. ಹಿಗ್ಗಿನ್ಸ್’ನಲ್ಲಿ ಇನ್ನೊಂದು ಅನುಕೂಲ ಇದೆ. ಮಾದರಿ ಸಂಖ್ಯೆಯ ಮುಂದೆ ಚುಕ್ಕೆಗೆ ಮೊದಲು ಬರುವ ಮೂರು ಅಂಕಿ ತಯಾರಕರ ಗುರುತು. 583 ಅಂದರೆ ಹೈ ಸ್ಟ್ಯಾಂಡರ್ಡ್ ಕಂಪನಿ, 103 ಅಂದರೆ ಮಾರ್ಲಿನ್.

ನಿಮ್ಮ ಮನೆಯಲ್ಲಿ ವಿಂಚೆಸ್ಟರ್ ಅಂತ ಹೆಸರು ಬಿದ್ದದ್ದು ಹೇಗೆ ಅಂತ ನನಗೊಂದು ಊಹೆ ಇದೆ. ವೆಸ್ಟರ್ನ್ ಕಾರ್ಟ್ರಿಜ್ ಕಂಪನಿ ಅಂತ ತೋಟೆ ಮಾಡುವ ದೊಡ್ಡ ಕಂಪನಿ ಒಂದಿತ್ತು. 1931ರ ಕೊನೆಯಲ್ಲಿ ಅವರು ವಿಂಚೆಸ್ಟರ್ ಕಂಪನಿಯನ್ನು ಕೊಂಡರು. ಆಮೇಲೆ ವಿಂಚೆಸ್ಟರ್, ವೆಸ್ಟರ್ನ್ ಎರಡು ಹೆಸರೂ ಜೊತೆಜೊತೆಗೇ ಓಡಾಡಿದವು. ತೋಟೆ ಡಬ್ಬಿಯ ಮೇಲೆ ಆ ಹೆಸರು ನೋಡಿದವರು ಕೋವಿ ಮೇಲೂ ‘ವೆಸ್ಟರ್ನ್’ ಕಂಡಾಗ ಎರಡನ್ನೂ ಕೂಡಿಸಿರಬಹುದು, ಅಲ್ವಾ? ವೆಸ್ಟರ್ನ್ ಫೀಲ್ಡ್‌ಗೂ ಆ ಕಂಪನಿಗೂ ಸಂಬಂಧ ಇಲ್ಲ.

ನಮ್ಮ ಕಡೆಯ ಕೋವಿಗಳಲ್ಲಿ ಇನ್ನೂ ಒಂದು ಹೆಸರು ಸೇರಿಕೊಳ್ಳುತ್ತದೆ, ಇಲ್ಲಿನ ವ್ಯಾಪಾರಿಯದ್ದು. ಕಲ್ಕತ್ತದ ಮ್ಯಾಂಟನ್, ರೊಡ್ಡಾ, ಲಯನ್ ಅಂಡ್ ಲಯನ್, ಮದರಾಸಿನ ಪಿ. ಓರ್ ಅಂಡ್ ಸನ್ಸ್, ಆರ್ಮಿ ಅಂಡ್ ನೇವಿ ಸ್ಟೋರ್ಸ್, ಇಂಥ ಹೆಸರುಗಳು ಹಳೆಯ ಕೋವಿಗಳಲ್ಲಿ ಸಿಗುತ್ತವೆ. ಬ್ರಿಟಿಷರ ಕಾಲದಲ್ಲಿ ಇವರು ಹೊರಗಿನಿಂದ ಕೋವಿ ತರಿಸಿ, ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದರು. ನಿಮ್ಮ ನಳಿಗೆಯ ತುಕ್ಕಿನ ಕೆಳಗೆ ಅಂಥ ಹೆಸರು ಸಿಕ್ಕರೆ ತುಂಬ ಸಂತೋಷ ಪಡಿ. ಕೋವಿ ಕೊಡಗಿಗೆ ಬಂದ ದಾರಿ ಅದರಿಂದ ಗೊತ್ತಾಗುತ್ತದೆ. ಆದರೆ ಅದನ್ನೂ ತಯಾರಕರ ಹೆಸರು ಅಂತ ಬರೆದುಕೊಳ್ಳಬೇಡಿ.

ಹೆಸರು ನಂಬಲು ಆಗದಿದ್ದರೆ ಮತ್ತೇನು ನಂಬಬೇಕು? ಕೋವಿಯ ಮೈಕಟ್ಟು. ನಾಯಿಯ ಕೊರಳಪಟ್ಟಿ ಬದಲಾಯಿಸಬಹುದು, ತಳಿ ಬದಲಾಯಿಸಲು ಆಗುವುದಿಲ್ಲ. ರಿಸೀವರಿನ ಆಕಾರ, ತೋಟೆ ಹೊರಬೀಳುವ ಜಾಗ, ಹ್ಯಾಮರ್ ಹೊರಗೋ ಒಳಗೋ, ಸೇಫ್ಟಿ ಎಲ್ಲಿದೆ, ನಳಿಗೆ ಬಿಚ್ಚಬಹುದಾ ಇಲ್ಲವಾ, ಇಷ್ಟು ನೋಡಿದರೆ ಹೆಸರೇ ಇಲ್ಲದ ಪಂಪ್ ಕೋವಿಯನ್ನೂ ಹೆಚ್ಚುಕಡಿಮೆ ಹೇಳಿಬಿಡಬಹುದು. ಪಂಪ್ ಕೋವಿಯ ಚರಿತ್ರೆ ಅಷ್ಟೇನೂ ಉದ್ದವಿಲ್ಲ. ವ್ಯಾಪಾರದಲ್ಲಿ ಗೆದ್ದ ಮೊದಲನೆಯದು ಕ್ರಿಸ್ಟೋಫರ್ ಸ್ಪೆನ್ಸರ್ ಅವರ 1882ರ ಕೋವಿ. ಆಮೇಲೆ ಬಂದದ್ದು ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್ 1893, ಅದನ್ನು ಗಟ್ಟಿ ಮಾಡಿ ತಂದದ್ದು 1897.

ಈ 97 ನಮ್ಮ ಕಡೆ ಹೆಸರುವಾಸಿ. 1957ರ ತನಕ 10 ಲಕ್ಷಕ್ಕೂ ಮೇಲೆ ತಯಾರಾಯಿತು. ಇದನ್ನು ದೂರದಿಂದಲೇ ಗುರುತಿಸಬಹುದು. ಹ್ಯಾಮರ್ ಹೊರಗೆ ಕಾಣುತ್ತದೆ. ಪಂಪ್ ಮಾಡಿದಾಗ ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ ತುಂಡು) ರಿಸೀವರಿನ ಹಿಂದಿನಿಂದ ಹೊರಕ್ಕೆ ಚಾಚಿ ಹ್ಯಾಮರನ್ನು ಮಲಗಿಸುತ್ತದೆ. ಹೆಬ್ಬೆರಳು ಅಲ್ಲಿದ್ದರೆ ಸಿಗಿದುಬಿಡುತ್ತದೆ. ನಿಮ್ಮದಕ್ಕೆ ಹೊರಗೆ ಹ್ಯಾಮರ್ ಇಲ್ಲ ಅಂದ ಮೇಲೆ 97 ಅಲ್ಲ. ಹಾಗಾದರೆ ವಿಂಚೆಸ್ಟರ್ 12 ಯಾಕಲ್ಲ? ಅದಕ್ಕೂ ಹ್ಯಾಮರ್ ಒಳಗೇ ಇದೆ. 1912ರಲ್ಲಿ ಬಂದು ಅರ್ಧ ಶತಮಾನ ನಡೆದ ಕೋವಿ ಅದು. ಆದರೆ ಅದರ ರಿಸೀವರ್ ಮೇಲ್ಗಡೆ ನುಣುಪಾಗಿ ಒಂದೇ ಗೆರೆಯಲ್ಲಿ ಹಿಂದಕ್ಕೆ ಇಳಿಯುತ್ತದೆ. ದಿಬ್ಬ ಗಿಬ್ಬ ಏನೂ ಇಲ್ಲ. ಸೇಫ್ಟಿ ಗುಂಡಿ ಟ್ರಿಗರ್ ಗಾರ್ಡಿನ ಮುಂಭಾಗದಲ್ಲಿ ಅಡ್ಡಕ್ಕೆ ಇರುತ್ತದೆ. ಮೈ ಮೇಲೂ ನಳಿಗೆ ಮೇಲೂ 1905ರಿಂದ ಈಚೆಗೆ ಅಂಡಾಕಾರದ ಒಳಗೆ ಡಬ್ಲ್ಯೂ ಮತ್ತು ಪಿ ಅಕ್ಷರ ಹೆಣೆದ ಪ್ರೂಫ್ ಮುದ್ರೆ, ಅಂದರೆ ಕೋವಿಯ ಬಲ ಪರೀಕ್ಷಿಸಿ ಒತ್ತುವ ಗುರುತು, ಇರುತ್ತದೆ. ವಿಂಚೆಸ್ಟರ್ ಅನ್ನೋದಕ್ಕೆ ಆ ಮುದ್ರೆಯೇ ಒಳ್ಳೆಯ ಸಾಕ್ಷಿ.

ಪಕ್ಕದಲ್ಲಿ ಕಿಂಡಿಯೇ ಇಲ್ಲದೆ, ತೋಟೆ ತುಂಬುವುದೂ ಹೊರಬೀಳುವುದೂ ಹೊಟ್ಟೆಯ ಕೆಳಗಿನಿಂದಲೇ ಆದರೆ ಆಗ ಯೋಚನೆ ಬೇರೆ. ಅದು ರೆಮಿಂಗ್ಟನ್ 10, ರೆಮಿಂಗ್ಟನ್ 17, ಅಥವಾ 17ರ ವಿನ್ಯಾಸ ಹಿಡಿದು 1937ರಲ್ಲಿ ಬಂದ ಇಥಾಕಾ 37. ನಿಮ್ಮದಕ್ಕೆ ಬಲಗಡೆ ಕಿಂಡಿ ಇರುವುದರಿಂದ ಇವು ಮೂರೂ ಬಿಟ್ಟುಹೋದವು. ಉಳಿದದ್ದು ಆ ಎರಡು ದಿಬ್ಬ. ಮೇಲ್ಗಡೆ ಒಂದು ದಿಬ್ಬ, ಅಲ್ಲಿಂದ ಇಳಿದು, ಮತ್ತೆ ಒಂದು ಮೆಟ್ಟಿಲಿನಂತೆ ಹಿಂದಕ್ಕೆ ಬೀಳುವ ರಿಸೀವರ್ ಸ್ಟೀವನ್ಸ್ 520ರದ್ದು. 1909ರಲ್ಲಿ ಇದು ಮಾರುಕಟ್ಟೆಗೆ ಬಂತು. ಜನಕ್ಕೆ ಆ ಗೂನು ಬೆನ್ನು ಹಿಡಿಸಲಿಲ್ಲವೋ ಏನೋ, 1927ರ ಹೊತ್ತಿಗೆ ಅದೇ ಯಂತ್ರವನ್ನು ನುಣುಪಾದ ಮೈಯಲ್ಲಿ ಕೂರಿಸಿ 620 ಅಂತ ತಂದರು. ನನ್ನ ಅಭಿಪ್ರಾಯ ಕೇಳಿದರೆ 520 ಗಟ್ಟಿಮುಟ್ಟಾದ, ಬುದ್ಧಿವಂತಿಕೆಯ ಕೋವಿ. ಅಂಗಡಿ ಬ್ರಾಂಡಿನ ಹೆಸರು ಇದೆ ಅಂತ ಅದನ್ನು ಕೀಳಾಗಿ ನೋಡಬೇಕಾಗಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಇದೇ ಸಾಲಿನ 520-30 ಮಾದರಿಯನ್ನು ಕೊಂಡು ಬಳಸಿತು. ವಿಂಚೆಸ್ಟರ್ ಅಲ್ಲ ಅಂತ ಮನೆಯವರಿಗೆ ಬೇಜಾರಾದರೆ ಇದನ್ನು ಹೇಳಿ. ವಿಂಚೆಸ್ಟರ್ 97 ಹುಟ್ಟಿದ್ದೂ 520 ಹುಟ್ಟಿದ್ದೂ ಒಬ್ಬರೇ ಬ್ರೌನಿಂಗ್ ಅವರ ತಲೆಯಲ್ಲಿ.

ಇನ್ನು ತುಕ್ಕಿನ ಕೆಳಗಿರುವ ಅಕ್ಷರ. ದಯವಿಟ್ಟು ಮರಳು ಕಾಗದ ಹಿಡಿಯಬೇಡಿ. ಕೈಲ್ ಮುಹೂರ್ತಕ್ಕೆ (ಆಯುಧ ಪೂಜೆಯ ಹಬ್ಬ) ಮೊದಲು ಕೋವಿ ಫಳಫಳ ಹೊಳೆಯಬೇಕು ಅಂತ ಉಜ್ಜಿ ಉಜ್ಜಿ, ಇದ್ದ ಮುದ್ರೆಗಳನ್ನೆಲ್ಲ ಅಳಿಸಿಬಿಟ್ಟ ಕೋವಿಗಳನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಅದರಲ್ಲಿದ್ದ ಮಾಹಿತಿ ಮತ್ತೆ ಸಿಗುವುದಿಲ್ಲ. ಕೋವಿಗೆ ಗಂಧ ಹಚ್ಚುವುದು, ನಳಿಗೆ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಇಡುವುದು ಎಲ್ಲ ನಡೆಯಲಿ. ಗಂಧವನ್ನು ಮರದ ಮೇಲೆ ಹಚ್ಚಿ, ಕೆತ್ತಿದ ಅಕ್ಷರದ ಮೇಲೆ ಬೇಡ. ತೇವದ ಗಂಧ ಅಕ್ಷರದೊಳಗೆ ಕೂತರೆ ಅಲ್ಲೇ ತುಕ್ಕು ಶುರುವಾಗುತ್ತದೆ. ಪೂಜೆ ಮುಗಿದ ಮೇಲೆ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ ಇಡಿ.

ತುಕ್ಕು ತೆಗೆಯುವ ಸರಿಯಾದ ದಾರಿ ನಿಧಾನದ್ದು. ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒರೆಸಿ. ಅಕ್ಷರದ ಸಂದನ್ನು ಬಿದಿರಿನ ಕಡ್ಡಿಯಿಂದ ಬಿಡಿಸಿ, ಕಬ್ಬಿಣದ ಮೊಳೆಯಿಂದಲ್ಲ. ಬೇಕಾದರೆ ಮತ್ತೆ ಎಣ್ಣೆ ಹಚ್ಚಿ. ಕೊನೆಗೆ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಬಿಳಿ ಸೀಮೆಸುಣ್ಣವನ್ನು ಮೇಲೆ ಸವರಿ ಒರೆಸಿದರೆ ತಗ್ಗಿನಲ್ಲಿ ಸುಣ್ಣ ಉಳಿದು ಅಕ್ಷರ ಎದ್ದು ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ನಳಿಗೆಗೆ ತಾಗಿಸಿದ ಹಾಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಅಚ್ಚು ಬರುತ್ತದೆ. ಕೆಲಸ ಮುಗಿದ ಮೇಲೆ ಸುಣ್ಣವನ್ನು ಪೂರ್ತಿ ತೆಗೆದು ಎಣ್ಣೆ ಹಚ್ಚುವುದು ಮರೆಯಬೇಡಿ, ಸುಣ್ಣದ ಪುಡಿ ತೇವ ಹೀರುತ್ತದೆ.

ಏನು ಸಿಗಬಹುದು? ಪೇಟೆಂಟ್ ತಾರೀಖು ಅಥವಾ ಸಂಖ್ಯೆ ಸಿಗಬಹುದು. ಅದನ್ನು ಕೋವಿ ತಯಾರಾದ ವರ್ಷ ಅಂತ ಓದಬೇಡಿ. ಅದು ಹೇಳುವುದು ಇಷ್ಟೇ: ಈ ತಾರೀಖಿಗಿಂತ ಹಿಂದೆ ಈ ಕೋವಿ ತಯಾರಾಗಿಲ್ಲ. ಹಲವಾರು ವರ್ಷ ಕಳೆದ ಮೇಲೂ ಅದೇ ತಾರೀಖನ್ನು ಹೊಡೆಯುತ್ತಿದ್ದರು. ಆದರೆ ಗುರುತು ಹಿಡಿಯಲು ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಅಮೆರಿಕದ ಹಳೆಯ ಪೇಟೆಂಟುಗಳೆಲ್ಲ ಇಂಟರ್ನೆಟ್ಟಿನಲ್ಲಿ ಚಿತ್ರಗಳ ಸಮೇತ ಪುಕ್ಕಟೆ ಸಿಗುತ್ತವೆ. ಆ ಚಿತ್ರವನ್ನು ನಿಮ್ಮ ಕೋವಿಯ ಪಕ್ಕ ಇಟ್ಟು ನೋಡಿದರೆ ಸಂಶಯ ಪೂರ್ತಿ ಹೋಗುತ್ತದೆ. ‘ಬ್ರೌನಿಂಗ್’ ಅಂತ ಹೆಸರು ಕಂಡರೆ ಗಾಬರಿ ಬೇಡ, ಬ್ರೌನಿಂಗ್ ಕಂಪನಿಯ ಕೋವಿ ಅಂತಲೂ ತಿಳಿಯಬೇಡಿ. ಅದು ವಿನ್ಯಾಸ ಮಾಡಿದವರ ಹೆಸರು. ಮಾಂಟ್ಗೊಮರಿ ವಾರ್ಡ್‌ನವರು ಮಾರಾಟಕ್ಕೆ ಅನುಕೂಲ ಅಂತ ಆ ಹೆಸರನ್ನು ಬಳಸಿಕೊಂಡರು.

ಸ್ಟೀವನ್ಸ್ ಹೆಸರೇ ಸಿಕ್ಕಿದರೆ ಅದು ಹೇಗೆ ಬರೆದಿದೆ ಅಂತ ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಿ. ‘ಜೆ. ಸ್ಟೀವನ್ಸ್ ಆರ್ಮ್ಸ್ ಅಂಡ್ ಟೂಲ್ ಕಂಪನಿ’ ಅಂತ ಇದ್ದರೆ ಅದು 1916ಕ್ಕೆ ಮೊದಲಿನದು. ಒಂದನೇ ಮಹಾಯುದ್ಧದ ಹೊತ್ತಿಗೆ, 1915ರಲ್ಲಿ, ವೆಸ್ಟಿಂಗ್‌ಹೌಸ್‌ನವರು ರಷ್ಯದ ಸೇನೆಗೆ ರೈಫಲ್ ಮಾಡಿಕೊಡಲು ಆ ಕಾರ್ಖಾನೆಯನ್ನು ಕೊಂಡರು. ಆಮೇಲೆ ಹೆಸರಿನಿಂದ ‘ಟೂಲ್’ ಬಿಟ್ಟುಹೋಯಿತು, ಬರೀ ‘ಜೆ. ಸ್ಟೀವನ್ಸ್ ಆರ್ಮ್ಸ್ ಕಂಪನಿ’ ಆಯಿತು. 1920ರಲ್ಲಿ ಸ್ಯಾವೇಜ್ ಕಂಪನಿ ಅದನ್ನು ಕೊಂಡಿತು. ಒಂದೇ ಒಂದು ಪದ ಇದೆಯೋ ಇಲ್ಲವೋ ಅನ್ನೋದರಿಂದ ಕಾಲ ಗೊತ್ತಾಗುತ್ತದೆ, ನೋಡಿ. ಉಜ್ಜಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ನಿಮ್ಮ ಅಕ್ಕಪಕ್ಕದ ಮನೆಯಲ್ಲಿ ರೆಮಿಂಗ್ಟನ್ ಇದ್ದರೆ ಅವರಿಗೆ ಕೆಲಸ ಇನ್ನೂ ಸುಲಭ. 1921ರಿಂದ ಈಚೆಗಿನ ರೆಮಿಂಗ್ಟನ್ ನಳಿಗೆಯ ಎಡಗಡೆ, ರಿಸೀವರ್ ಹತ್ತಿರ, ಸಣ್ಣ ಸಂಕೇತಾಕ್ಷರ ಇರುತ್ತದೆ. ಮೊದಲ ಅಕ್ಷರ ತಿಂಗಳು, ಎರಡನೆಯದು ವರ್ಷ. ತಿಂಗಳಿಗೆ ಅವರು ಆರಿಸಿಕೊಂಡದ್ದು ಇಂಗ್ಲಿಷಿನ ‘ಬ್ಲ್ಯಾಕ್ ಪೌಡರ್ ಎಕ್ಸ್’ ಅನ್ನೋದರ 12 ಅಕ್ಷರ. ಬಿ ಅಂದರೆ ಜನವರಿ, ಎಲ್ ಅಂದರೆ ಫೆಬ್ರವರಿ, ಹೀಗೆ ಎಕ್ಸ್ ಅಂದರೆ ಡಿಸೆಂಬರ್. ಆದರೆ ಅದು ನಳಿಗೆಯ ವಯಸ್ಸು. ನಳಿಗೆ ಬದಲಾಯಿಸಿದ್ದರೆ ಕೋವಿಯ ವಯಸ್ಸು ಬೇರೆ.

ಕೋವಿ ಇಂಗ್ಲೆಂಡ್ ದಾರಿಯಾಗಿ ಬಂದಿದ್ದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ ಇರಲೇಬೇಕು. ಅಮೆರಿಕದಲ್ಲಿ ಸರ್ಕಾರಿ ಪ್ರೂಫ್ ಹೌಸ್ ಇಲ್ಲ, ಕಂಪನಿಗಳೇ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಿದ್ದವು. ಇಂಗ್ಲೆಂಡಿನಲ್ಲಿ ಪರೀಕ್ಷೆ ಇಲ್ಲದೆ ಕೋವಿ ಮಾರುವಂತಿರಲಿಲ್ಲ. ಕಿರೀಟದ ಕೆಳಗೆ ಅಕ್ಷರಗಳು, ‘ನೈಟ್ರೊ ಪ್ರೂಫ್’ ಅನ್ನೋ ಬರಹ, ಚೌಕದ ಮೂಲೆ ತಿರುಗಿಸಿದಂಥ ವಜ್ರಾಕಾರದೊಳಗೆ 12 ಮತ್ತು ಸಿ, ಇವು ಅಲ್ಲಿನ ಗುರುತು. ‘ನಾಟ್ ಇಂಗ್ಲಿಷ್ ಮೇಕ್’ ಅಂತ ಹೊಡೆದಿದ್ದರೆ ಇನ್ನೂ ಒಳ್ಳೆಯದು. ಹೊರದೇಶದ ಕೋವಿಗಳಿಗೆ ಆ ಮಾತನ್ನು ಹೊಡೆಯುವ ನಿಯಮ ಇದ್ದದ್ದು 1925ರಿಂದ 1954ರ ತನಕ. ಅಷ್ಟರೊಳಗೆ ಅದು ಇಂಗ್ಲೆಂಡ್ ಮುಟ್ಟಿದೆ ಅಂತ ಖಚಿತವಾಗುತ್ತದೆ.

ನಂಬರ್ ಸಿಗುತ್ತಿಲ್ಲ ಅಂದಿರಿ. ಅದಕ್ಕೆ ಹೆದರಬೇಕಾಗಿಲ್ಲ, ಹಗುರವಾಗಿಯೂ ತೆಗೆದುಕೊಳ್ಳಬಾರದು. ಅಮೆರಿಕದಲ್ಲಿ 1968ರ ಗನ್ ಕಂಟ್ರೋಲ್ ಕಾನೂನು ಬರುವ ತನಕ ಷಾಟ್‌ಗನ್‌ಗಳಿಗೆ ನಂಬರ್ ಹೊಡೆಯಲೇಬೇಕು ಅಂತ ಕಡ್ಡಾಯ ಇರಲಿಲ್ಲ. ಕಡಿಮೆ ಬೆಲೆಯ, ಅಂಗಡಿ ಬ್ರಾಂಡಿನ ಎಷ್ಟೋ ಕೋವಿಗಳು ನಂಬರ್ ಇಲ್ಲದೆಯೇ ಕಾರ್ಖಾನೆಯಿಂದ ಹೊರಬಂದವು. ಆದರೂ ಸರಿಯಾಗಿ ಹುಡುಕಬೇಕು. ರಿಸೀವರಿನ ಹೊಟ್ಟೆಯ ಕೆಳಗೆ ಮುಂಭಾಗದಲ್ಲಿ, ನಳಿಗೆ ರಿಸೀವರಿಗೆ ಕೂಡುವ ಜಾಗದಲ್ಲಿ ನೋಡಿ. 520ರ ನಳಿಗೆ ಬಿಚ್ಚಿ ತೆಗೆಯಬಹುದಾದದ್ದು. ಬಿಚ್ಚಿದಾಗ ಕಾಣುವ ಒಳಮುಖಗಳ ಮೇಲೂ ನಂಬರ್ ಅಥವಾ ಜೋಡಣೆಯ ಗುರುತು ಇರಬಹುದು. ಇದನ್ನು ನೀವೇ ಬಿಚ್ಚಲು ಹೋಗಬೇಡಿ. ವರ್ಷಗಟ್ಟಲೆ ಬಿಚ್ಚದ ಕೋವಿ ಬಿಗಿದಿರುತ್ತದೆ, ಸುತ್ತಿಗೆ ಬಿದ್ದರೆ ಕೆಲಸ ಕೆಟ್ಟಿತು.

ಇಲ್ಲಿ ಕಾನೂನಿನ ಮಾತು ಬರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಕೋವಿ ಮೇಲಿನ ಹೆಸರು, ನಂಬರ್, ಗುರುತು ಯಾವುದನ್ನೂ ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಅಳಿಸಿದ ಕೋವಿ ಯಾರ ಕೈಯಲ್ಲಿ ಇದೆಯೋ ಅವರೇ ಅಳಿಸಿದ್ದಾರೆ ಅಂತ ಕಾನೂನು ಭಾವಿಸುತ್ತದೆ, ಅಲ್ಲ ಅಂತ ಅವರೇ ತೋರಿಸಬೇಕು. ಕಾರ್ಖಾನೆಯಲ್ಲೇ ನಂಬರ್ ಹೊಡೆಯದ ಕೋವಿಗೂ, ಹೊಡೆದದ್ದನ್ನು ಉಜ್ಜಿ ತೆಗೆದ ಕೋವಿಗೂ ವ್ಯತ್ಯಾಸ ತಿಳಿದ ಕಣ್ಣಿಗೆ ಕಾಣುತ್ತದೆ. ಉಜ್ಜಿದ ಜಾಗ ಸ್ವಲ್ಪ ತಗ್ಗಾಗಿರುತ್ತದೆ, ಹೊಳಪು ಬೇರೆ ಇರುತ್ತದೆ. ನಿಮ್ಮದು ಮೊದಲಿನ ಬಗೆಯದ್ದಾದರೆ ನೀವಾಗಿ ಒಂದು ನಂಬರ್ ಹೊಡೆಸಬೇಡಿ. ಕೆಲವರು ಹಾಗೆ ಸಲಹೆ ಕೊಡುತ್ತಾರೆ, ಕೇಳಬೇಡಿ. ಮಾದರಿ, ಬ್ರಾಂಡ್, ನಳಿಗೆಯ ಉದ್ದ, ಸಿಕ್ಕಿದ ಮುದ್ರೆಗಳು ಎಲ್ಲವನ್ನೂ ಬರೆದು, ಫೋಟೊ ಲಗತ್ತಿಸಿ, ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು, ಅವರು ಹೇಳಿದಂತೆ ಮಾಡಿ.

ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಮತ್ತೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. 1861ರಿಂದ ನಡೆದುಬಂದ ಆ ವಿನಾಯಿತಿ ಈಗ 2029ರ ಅಕ್ಟೋಬರ್ ತನಕ ಮುಂದುವರಿದಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಲೈಸೆನ್ಸ್ ಬೇಕಿಲ್ಲ ಅನ್ನುವ ವಿನಾಯಿತಿ. ಗುರುತು ಅಳಿಸಬಹುದು, ನಳಿಗೆ ಕತ್ತರಿಸಬಹುದು ಅನ್ನುವ ವಿನಾಯಿತಿ ಅಲ್ಲ. ನಳಿಗೆ ಮೊಟಕು ಮಾಡುವುದನ್ನು 6ನೇ ಸೆಕ್ಷನ್ ತಡೆಯುತ್ತದೆ. 20 ಇಂಚಿಗಿಂತ ಚಿಕ್ಕ ನಳಿಗೆಯ ಷಾಟ್‌ಗನ್ ನಮ್ಮಲ್ಲಿ ಬೇರೆಯೇ ವರ್ಗಕ್ಕೆ ಸೇರುತ್ತದೆ. ಹಿಂದೆ ಯಾರೋ ತುದಿ ಒಡೆದಿದೆ ಅಂತ ಕತ್ತರಿಸಿರಬಹುದು, ಹಾಗಾಗಿ ಅಳೆದು ನೋಡುವುದು ಒಳ್ಳೆಯದು. ಖಾಲಿ ಕೋವಿಯ ಬೋಲ್ಟ್ ಮುಚ್ಚಿ, ನಳಿಗೆ ಬಾಯಿಂದ ಒಂದು ನೇರ ಕೋಲು ಬೋಲ್ಟಿಗೆ ತಾಗುವ ತನಕ ಇಳಿಸಿ, ಗುರುತು ಮಾಡಿ ಅಳೆಯಿರಿ. ಇಳಿಸುವಾಗ ಮುಖವನ್ನಾಗಲಿ ಅಂಗೈಯನ್ನಾಗಲಿ ನಳಿಗೆ ಬಾಯಿಗೆ ಅಡ್ಡ ಒಡ್ಡಬೇಡಿ.

ಈಗ ಪುತ್ತರಿ. ಕದಿರು ತೆಗೆಯುವ ಹೊತ್ತಿಗೆ ತಾತನ ಕೋವಿಯೇ ಸದ್ದು ಮಾಡಬೇಕು ಅನ್ನುವ ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಸುತ್ತ ಮನೆಮಂದಿಯೆಲ್ಲ, ಮಕ್ಕಳೂ ಸೇರಿ, ನಿಂತಿರುವ ಹೊತ್ತು ಅದು. ಹಳೆಯ ನಳಿಗೆಯ ಮೊದಲ ಪರೀಕ್ಷೆ ಅಲ್ಲಿ ಆಗಬಾರದು.

ಮೊದಲು ನೋಡಬೇಕಾದದ್ದು ಚೇಂಬರಿನ ಉದ್ದ, ಅಂದರೆ ತೋಟೆ ಕೂರುವ ಗೂಡು. ಇವತ್ತಿನ 12 ಬೋರ್ ತೋಟೆ ಸಾಮಾನ್ಯವಾಗಿ 70 ಮಿಲಿಮೀಟರ್, ಹಳೆಯ ಲೆಕ್ಕದಲ್ಲಿ 2 3/4 ಇಂಚು. ಹಿಂದಿನ ಅಮೆರಿಕನ್ 12 ಬೋರ್ ಕೋವಿಗಳಲ್ಲಿ 2 5/8 ಇಂಚಿನ ಚೇಂಬರ್ ಇತ್ತು, ಇಂಗ್ಲಿಷ್ ಕೋವಿಗಳಲ್ಲಿ 2 1/2 ಇಂಚು. ಇಲ್ಲಿ ಮೋಸ ಹೋಗುವುದು ಹೇಗೆ ಅಂದರೆ, ಡಬ್ಬಿ ಮೇಲೆ ಬರೆದ 70 ಮಿಲಿಮೀಟರ್ ಅನ್ನೋದು ಹಾರಿಸಿದ ಮೇಲೆ ತೋಟೆ ಬಿಚ್ಚಿಕೊಂಡಾಗಿನ ಉದ್ದ. ಹಾರಿಸುವ ಮೊದಲು ಬಾಯಿ ಮಡಚಿರುವುದರಿಂದ ಅದು ಗಿಡ್ಡ ಇರುತ್ತದೆ, ಚಿಕ್ಕ ಚೇಂಬರಿನಲ್ಲೂ ಸಲೀಸಾಗಿ ಕೂರುತ್ತದೆ. ‘ತೋಟೆ ಸರಿಯಾಗಿ ಕೂರುತ್ತದಲ್ಲ’ ಅಂತ ಜನ ಧೈರ್ಯ ಮಾಡುತ್ತಾರೆ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯೊಳಗೆ ಚಾಚುತ್ತದೆ, ದಾರಿ ಕಟ್ಟಿ ಒತ್ತಡ ಏರುತ್ತದೆ. ಆದ್ದರಿಂದ ತೋಟೆ ಕೂರಿಸಿ ನೋಡುವುದು ಪರೀಕ್ಷೆಯೇ ಅಲ್ಲ. ಮೇಸ್ತ್ರಿ ಚೇಂಬರ್ ಗೇಜ್ ಹಾಕಿ ಅಳೆಯಬೇಕು.

ಆಮೇಲೆ ನಳಿಗೆಯ ಒಳಮೈ. ಹಿಂದಿನ ಕಾಲದ ತೋಟೆಗಳ ಕ್ಯಾಪ್ ಮತ್ತು ಮದ್ದು ನಳಿಗೆಯನ್ನು ತಿನ್ನುತ್ತಿದ್ದವು. ಅದಕ್ಕೆ ನಮ್ಮ ಮಳೆಗಾಲ ಸೇರಿದರೆ ಒಳಗೆ ಗುಳಿ ಬಿದ್ದಿರುತ್ತದೆ. ನಳಿಗೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಉಂಗುರದಂಥ ನೆರಳು ಕಂಡರೆ ಅದು ಉಬ್ಬು, ಆ ನಳಿಗೆ ಮತ್ತೆ ಹಾರಿಸಲು ಯೋಗ್ಯ ಅಲ್ಲ. ಬೋಲ್ಟ್ ಮುಚ್ಚಿದಾಗ ಗಟ್ಟಿಯಾಗಿ ಬೀಗ ಬೀಳುತ್ತದಾ, ಸೇಫ್ಟಿ ಹಿಡಿಯುತ್ತದಾ, ಬಿಚ್ಚುವ ಜೋಡಣೆಯಲ್ಲಿ ಸಡಿಲ ಇದೆಯಾ ಅನ್ನೋದನ್ನೂ ಮೇಸ್ತ್ರಿ ನೋಡಬೇಕು. ಬೇರೆಯವರ ಮನೆಯಲ್ಲಿ ಹೊರ ಹ್ಯಾಮರಿನ ಹಳೆಯ ಮಾರ್ಲಿನ್ ಪಂಪ್ ಇದ್ದರೆ ಅವರಿಗೆ ಇಷ್ಟೂ ಬೇಕಿಲ್ಲ. ಆ ಕೋವಿಗಳನ್ನು ಹಾರಿಸಬೇಡಿ ಅಂತ ಮಾರ್ಲಿನ್ ಕಂಪನಿಯೇ ಎಚ್ಚರಿಕೆ ಕೊಟ್ಟಿದೆ. ಸ್ಪೆನ್ಸರ್ ಮತ್ತು ವಿಂಚೆಸ್ಟರ್ 1893 ಕಪ್ಪು ಮದ್ದಿನ ಕಾಲದವು, ಅವೂ ಗೋಡೆಗೇ ಚೆಂದ.

20 ಬೋರ್ ತೋಟೆಗಳು ಮನೆಯಲ್ಲಿದ್ದರೆ ಈ ಕೋವಿಯ ಹತ್ತಿರ ಇಡಬೇಡಿ. ಅವು ಸಾಮಾನ್ಯವಾಗಿ ಹಳದಿ ಬಣ್ಣದವು. 12 ಬೋರ್‌ಗೆ ತಪ್ಪಿ ಹಾಕಿದರೆ ಅದು ಚೇಂಬರ್ ದಾಟಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಇದ್ದ ಹಾಗೆ ಕಾಣುತ್ತದೆ. ಹಿಂದಿನಿಂದ 12ರ ತೋಟೆ ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ಮೇಸ್ತ್ರಿ ಪರೀಕ್ಷೆಯಲ್ಲಿ ಎಲ್ಲ ಸರಿ ಬಂದರೆ, ಚೇಂಬರಿಗೆ ಹೊಂದುವ ಹಗುರ ತೋಟೆಯಲ್ಲಿ, ಒಂದು ಸಲಕ್ಕೆ ಒಂದೇ ತೋಟೆ ಹಾಕಿ ಹಾರಿಸಬಹುದು. ಐದಾರು ತುಂಬಿ ಪಂಪ್ ಮಾಡುವ ಆಟ ಈ ವಯಸ್ಸಿನ ಕೋವಿಗೆ ಬೇಡ. ಪುತ್ತರಿಯೊಳಗೆ ಪರೀಕ್ಷೆ ಮುಗಿಯದಿದ್ದರೆ ಈ ವರ್ಷ ಮನೆಯ ಇನ್ನೊಂದು ಕೋವಿಯಿಂದ ಗುಂಡು ಹಾರಿಸಿ, ಇದನ್ನು ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಇಡಿ.

ಕೊನೆಯದಾಗಿ ಈ ಕೋವಿ ನಿಮ್ಮ ಮನೆಗೆ ಬಂದದ್ದು ಹೇಗೆ ಅನ್ನೋದು. ವಿಂಚೆಸ್ಟರ್, ಮಾರ್ಲಿನ್ ಕೋವಿಗಳಿಗೆ ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಊರಿನ ಮ್ಯೂಸಿಯಮ್ಮಿನಲ್ಲಿ ಕಾರ್ಖಾನೆಯ ಹಳೆಯ ಲೆಡ್ಜರುಗಳಿವೆ. ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ, ದಾಖಲೆ ಉಳಿದ ನಂಬರ್‌ಗಳಿಗೆ ಪತ್ರ ಬರೆದು ಕೊಡುತ್ತಾರೆ. ನಂಬರೇ ಇಲ್ಲದ ಅಂಗಡಿ ಬ್ರಾಂಡಿಗೆ ಆ ದಾರಿ ಇಲ್ಲ. ನಿಮಗೆ ಉತ್ತರ ಸಿಗುವುದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿ. ಹಳೆಯ ವಿನಾಯಿತಿ ಪತ್ರ, ತೋಟೆ ಕೊಂಡ ರಸೀದಿ, ಅಂಗಡಿ ಬಿಲ್ಲು, ಯಾರಾದರೂ ಸೇನೆಯಲ್ಲಿದ್ದರೆ ಅವರ ಕಾಗದಗಳು, ತೋಟ ಮಾರಿ ಹೋದ ದೊರೆಗಳಿಂದ ಕೊಂಡದ್ದಾದರೆ ಅದರ ಚೀಟಿ, ಬೇಟೆಯ ಕಾಲದ ಹಳೆಯ ಫೋಟೊ. ಫೋಟೊದಲ್ಲಿ ಎರಡು ದಿಬ್ಬದ ಕೋವಿ ಯಾರ ಕೈಯಲ್ಲಿದೆ ಅಂತ ನೋಡಿ, 520ರ ಬೆನ್ನು ಎಷ್ಟು ಹಳೆಯ ಚಿತ್ರದಲ್ಲೂ ಎದ್ದು ಕಾಣುತ್ತದೆ. ಮನೆಯ ಹಿರಿಯರನ್ನು ಕೂರಿಸಿ, ಕೋವಿ ಎಲ್ಲಿಂದ ಬಂತು ಅಂತ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಿ. ವಿಂಚೆಸ್ಟರ್ ಅಂತ ಹೇಳಿದರೂ ತಿದ್ದದೆ ಬರೆದುಕೊಳ್ಳಿ, ಅದೂ ಆ ಕೋವಿಯ ಕಥೆಗೆ ಸೇರಿದ್ದೇ.

ತುಕ್ಕು ಬಿಡಿಸಿದ ಮೇಲೆ ನನಗೆ ಫೋಟೊ ಕಳಿಸಿ. ಕೋವಿಯ ಎಡಗಡೆ ಪೂರ್ತಿ, ಬಲಗಡೆ ಪೂರ್ತಿ, ರಿಸೀವರ್ ಮೇಲಿನಿಂದ, ಟ್ರಿಗರ್ ಗಾರ್ಡಿನ ಒಳಭಾಗ, ಹೊಟ್ಟೆಯ ಕೆಳಗೆ, ಮತ್ತೆ ಪ್ರತಿಯೊಂದು ಮುದ್ರೆ ಹತ್ತಿರದಿಂದ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ಸೇಫ್ಟಿ ಎಲ್ಲಿದೆ, ‘ಟೂಲ್’ ಅನ್ನೋ ಪದ ಇದೆಯಾ ಇಲ್ಲವಾ, ಈ ಎರಡು ಗೊತ್ತಾದರೆ ಯಾವ ಕಾಲದ್ದು ಅನ್ನೋ ನಿಮ್ಮ ಎರಡನೇ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರ ಕೊಡುತ್ತೇನೆ.